ಗಿಳಿ ಕಂಪನಿಯ ಬೀಗ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುವ ಪ್ರಶ್ನೆ, "ಹುಡುಗಿಯ ಫೋನು ಯಾವ ಕಂಪನಿಯದು?" ಕುಲ, ನಕ್ಷತ್ರ, ಅಡುಗೆ ಎಲ್ಲ ಆಮೇಲೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಮ್ಮಲ್ಲಿರುವುದು ಎರಡೇ ಕಂಪನಿ. ಒಂದರ ಡಬ್ಬಿಯ ಮೇಲೆ ಗಿಳಿಯ ಚಿತ್ರ, ಇನ್ನೊಂದರ ಮೇಲೆ ಮೀನಿನ ಚಿತ್ರ. ಗಿಳಿ ಕಂಪನಿಯ ಫೋನು ಕೊಂಡವನಿಗೆ ಗಿಳಿಯವರ ಮಾತು ಮಾತ್ರ ಕೇಳಿಸುತ್ತದೆ. ಮೀನಿನ ಫೋನು ಕೊಂಡವನಿಗೆ ಮೀನಿನವರದು. ಫೋನಿನಲ್ಲಷ್ಟೇ ಅಲ್ಲ, ಎದುರಿಗೆ ಕೂತು ಕಿವಿಗೆ ಬಾಯಿಟ್ಟು ಕೂಗಿದರೂ ಅಷ್ಟೇ. ಬೀಗ ಹಾಕುವುದು ಫೋನಿಗೆ, ಬೀಳುವುದು ಕಿವಿಗೆ. ಫೋನನ್ನು ಬಾವಿಗೆಸೆದರೂ ಬೀಗ ಕಿವಿಯಲ್ಲೇ ಉಳಿಯುತ್ತದೆ. ಎಸೆದು ನೋಡಿದವರಿದ್ದಾರೆ.

ಪರಊರಿನವರಿಗೆ ಇದು ದೊಡ್ಡ ಕಷ್ಟದಂತೆ ಕಾಣಬಹುದು. ನಮಗೆ ರೂಢಿಯಾಗಿದೆ. ಸಂತೆಯಲ್ಲಿ ತರಕಾರಿ ಮಾರುವವರು ತಕ್ಕಡಿಯ ಪಕ್ಕದಲ್ಲಿ ಮರದ ಗಿಳಿಯನ್ನೋ ಮೀನನ್ನೋ ಇಟ್ಟುಕೊಂಡಿರುತ್ತಾರೆ. ಬೇರೆ ಕಂಪನಿಯ ಗಿರಾಕಿ ಬಂದರೆ ಬೆರಳಿನಲ್ಲೇ ಚೌಕಾಸಿ. ಒಮ್ಮೆ ಬಂದಿದ್ದ ನಾಟಕ ಮಂಡಳಿಯಲ್ಲಿ ರಾಜನ ಪಾತ್ರದವನು ಗಿಳಿ, ಮಂತ್ರಿಯ ಪಾತ್ರದವನು ಮೀನು. ರಾಜನೇ ಕಥಾನಾಯಕನೆಂದು ಅರ್ಧ ಊರು, ಮಂತ್ರಿಯೆಂದು ಇನ್ನರ್ಧ ಊರು ಇವತ್ತಿಗೂ ವಾದಿಸುತ್ತವೆ. ಒಬ್ಬರ ವಾದ ಇನ್ನೊಬ್ಬರಿಗೆ ಕೇಳಿಸದ ಕಾರಣ ಇಬ್ಬರೂ ಗೆದ್ದಿದ್ದಾರೆ. ಪುರಸಭೆಯ ಮೀಟಿಂಗಿಗೆ ಮಾತ್ರ ಬೀಗದಿಂದ ಯಾವ ವ್ಯತ್ಯಾಸವೂ ಆಗಿಲ್ಲವೆಂದು ಹಳಬರು ಹೇಳುತ್ತಾರೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಇರುವ ನಮ್ಮಂಥ ಮನೆಯವರು "ನಾವು ಹಿಂದಿನಿಂದಲೂ ಮೀನಿನವರೇ" ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದನ್ನು ಕೇಳಿ, ದೂರದಿಂದ ಬಂದಿದ್ದ ಸ್ವಾಮಿಗಳೊಬ್ಬರು ಎಲೆ ಬಿಟ್ಟು ಎದ್ದುಹೋಗಿದ್ದೂ ಉಂಟು.

ಫೋನಿಲ್ಲದವರನ್ನು ನಮ್ಮಲ್ಲಿ ಬರಿಗಿವಿಯವರು ಎನ್ನುತ್ತಾರೆ. ಅವರಿಗೆ ಎಲ್ಲರ ಮಾತೂ ಕೇಳಿಸುತ್ತದೆ, ಅವರ ಮಾತು ಎಲ್ಲರಿಗೂ ಕೇಳಿಸುತ್ತದೆ. ಮಕ್ಕಳೆಲ್ಲ ಬರಿಗಿವಿಯವರು, ಕೆಲವು ಮುದುಕರು, ಮತ್ತು ನಾನು. ನನ್ನ ಕೆಲಸ ಊರಿನ ವಾಚನಾಲಯದಲ್ಲಿ. ಅಲ್ಲಿ ಯಾವ ಕಂಪನಿಯವರೂ ಬಾಯಿ ಬಿಡುವಂತಿಲ್ಲವಾದ್ದರಿಂದ ಫೋನಿನ ಗೊಡವೆಗೆ ನಾನು ಹೋಗಲಿಲ್ಲ. ಒಂದು ಕಂಪನಿಯವರ ಮಾತನ್ನು ಇನ್ನೊಂದು ಕಂಪನಿಯವರಿಗೆ ದಾಟಿಸುವುದು ಬರಿಗಿವಿಯವರ ಕೆಲಸ. ಅದಕ್ಕೆ ನಡುಮಾತು ಎಂದು ಹೆಸರು, ಅದಕ್ಕೆ ಕಟ್ಟಳೆಗಳೂ ಇವೆ. ಹೇಳಿದ್ದನ್ನು ಹೇಳಿದ ಹಾಗೆಯೇ, ಕಿವಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಬೇಕು, ಬೈಗುಳವಿದ್ದರೆ ಬೈಗುಳವನ್ನೂ. ಗಂಡ ಹೆಂಡಿರ ನಡುವೆ ಅವರ ಒಡಹುಟ್ಟಿದವರು ನಡುಮಾತು ಹೇಳುವಂತಿಲ್ಲ, ಹೇಳಿದರೆ ನಂಬಬೇಕಾಗಿಲ್ಲ. ಈ ಕಟ್ಟಳೆ ಮಾಡಿದವರು ಯಾರೋ ಗೊತ್ತಿಲ್ಲ. ಆದರೆ ಅಕ್ಕನ ಮನೆಯಲ್ಲಿ ಉಂಡುಕೊಂಡಿರುವ ನನ್ನಂಥ ತಮ್ಮಂದಿರನ್ನು ಕಾಪಾಡಿದ ಪುಣ್ಯಾತ್ಮರು.

ನನ್ನ ಅಕ್ಕ ರುದ್ರಾಣಿ. ಭಾವ ಶಂಭುಲಿಂಗಯ್ಯ. ಇಬ್ಬರದೂ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟಿನ ವ್ಯಾಪಾರ. ಮನೆ ರೈಲಿನ ಬೋಗಿಯ ಹಾಗೆ ಉದ್ದಕ್ಕಿದೆ: ಬೀದಿಗೆ ಅಂಗಡಿ, ಹಿತ್ತಿಲ ಕಡೆಗೆ ಅಕ್ಕನ ಒಲೆ ಬಾಣಲೆ, ನಡುವೆ ಕತ್ತಲು ಕತ್ತಲಾದ ನಡುಮನೆ. ಆ ನಡುಮನೆಯಲ್ಲಿ ನನ್ನ ಮಂಚ. ಮದುವೆಯಾದಾಗ ಇಬ್ಬರೂ ಮೀನಿನವರೇ, ಅಂದರೆ ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಅದೇ ತೊಂದರೆಯಾಗಿತ್ತು. ಅವರು ಜಗಳಕ್ಕೆ ನಿಂತರೆ ಚಕ್ಕುಲಿಗೆ ಬಂದ ಗಿರಾಕಿಗಳು ಚಕ್ಕುಲಿ ಮರೆತು ನಿಲ್ಲುತ್ತಿದ್ದರು. ಅಕ್ಕನ ನಾಲಿಗೆ ಅವಳ ಕೋಡುಬಳೆಗಿಂತ ಖಾರ. ಭಾವನದು ನಿಧಾನ, ಆದರೆ ಒಂದು ಮಾತು ಹಿಡಿದರೆ ಬಿಡುವುದಿಲ್ಲ. ಹಲ್ಲಿಗೆ ಸಿಕ್ಕಿದ ಕೊಬ್ಬರಿ ಚೂರಿನ ಹಾಗೆ ದಿನವಿಡೀ ಅದನ್ನೇ ಹೊರಳಿಸುತ್ತಿದ್ದ. ಅವರ ಒಬ್ಬಳೇ ಮಗಳು ನೀಲಗಂಗಾ, ನಮ್ಮೆಲ್ಲರ ನೀಲಿ, ಆಗ ಪುಟ್ಟ ಹುಡುಗಿ. ಜಗಳ ಶುರುವಾದರೆ ದಿಂಬು ಎತ್ತಿಕೊಂಡು ಬಂದು ನನ್ನ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದಳು.

ಆಮೇಲೆ ಒಂದು ಗೌರಿ ಹಬ್ಬದ ಗಡಿಬಿಡಿಯಲ್ಲಿ ಭಾವ ಬಾಣಲೆಯ ಮೇಲೆ ಬಗ್ಗಿದ್ದಾಗ ಜೇಬಿನ ಫೋನು ಜಾರಿ ಕಾದ ಎಣ್ಣೆಗೆ ಬಿತ್ತು. ಅಕ್ಕ ಜಾಲರಿಯಲ್ಲಿ ಎತ್ತುವಷ್ಟರಲ್ಲಿ ಹದವಾಗಿ ಕರಿದಿತ್ತು. "ಇನ್ನೊಂದು ಸುತ್ತು ಬೇಯ್ಲಿ ಬಿಡಿ, ಗರಿಗರಿಯಾಗತ್ತೆ" ಎಂದಳು ಅಕ್ಕ. ಭಾವನಿಗೆ ರೋಷ ಬಂತು. ಸೀದಾ ಪೇಟೆಗೆ ಹೋದ. ಗಿಳಿ ಕಂಪನಿಯವರು ಹೊಸ ಫೋನಿನ ಜೊತೆ ಪ್ರೆಶರ್ ಕುಕ್ಕರ್ ಕೊಡುತ್ತಿದ್ದರು. ಹೆಂಡತಿಗೆ ಕುಕ್ಕರಾಯಿತು, ತನಗೆ ಫೋನಾಯಿತು ಎಂದು ಎರಡನ್ನೂ ಹೊತ್ತು ತಂದ. ಅಕ್ಕ ಕುಕ್ಕರನ್ನೂ ಅದರ ಮೇಲಿದ್ದ ಗಿಳಿಯ ಚೀಟಿಯನ್ನೂ ನೋಡಿ ಏನೇನು ಅನ್ನಬೇಕೋ ಎಲ್ಲ ಅಂದಳು. ಭಾವ ನಗುತ್ತಾ ನಿಂತಿದ್ದ. ಅವನಿಗೆ ಒಂದಕ್ಷರ ಕೇಳಿಸುತ್ತಿರಲಿಲ್ಲ. ಅಕ್ಕನೂ ಗಿಳಿಗೆ ಹೋಗಬಹುದಿತ್ತು, ಆದರೆ ಊರಾಚೆ ಅಣ್ಣನ ಮನೆಯಲ್ಲಿದ್ದ ನಮ್ಮ ಅಮ್ಮ ಮೀನು. "ಕುಕ್ಕರಿಗೋಸ್ಕರ ಹೆತ್ತ ತಾಯಿ ದನಿ ಬಿಡ್ಲಾ?" ಎಂದಳು. ನನಗೆ ಅದು ನ್ಯಾಯವಾಗಿಯೇ ಕಂಡಿತು.

ಹೀಗೆ ಆ ಮನೆಯಲ್ಲಿ ನಡುಮಾತು ನೀಲಿಯ ಪಾಲಿಗೆ ಬಂತು.

ಹಿಂದಿನಿಂದ ಅಕ್ಕ ಕೂಗುತ್ತಿದ್ದಳು: "ಏ ನೀಲಿ, ನಿಮ್ಮಪ್ಪಂಗೆ ಹೇಳು, ಅಕ್ಕಿಹಿಟ್ಟು ತರೋಕೆ ಹೋದೋರು ಗಿರಣೀಲೇ ಸಂಸಾರ ಹೂಡಿದ್ರಾ ಅಂತ." ನೀಲಿ ಹೊರಡುತ್ತಿದ್ದಳು. ಒಲೆಯಿಂದ ಅಂಗಡಿಗೆ ಬರಬೇಕಾದರೆ ನನ್ನ ಮಂಚ ದಾಟಿಯೇ ಬರಬೇಕು. ಬರುತ್ತಾ ಬಾಯಲ್ಲೇ ಮಾತನ್ನು ಪಾಠ ಮಾಡಿಕೊಳ್ಳುವುದು ಅವಳ ಅಭ್ಯಾಸ. "ಗಿರಣೀಲೇ ಸಂಸಾರ... ಗಿರಣೀಲಿ ಇಷ್ಟು ಹೊತ್ತು... ಗಿರಣೀಲಿ ರಶ್ ಇತ್ತಾ..." ಹೀಗೆ ನನ್ನ ಮಂಚದ ಹತ್ತಿರ ಬರುವಾಗ ಮಾತಿನ ಮುಳ್ಳು ಉದುರಿ, ಅಂಗಡಿಯ ಹೊಸ್ತಿಲು ತಲುಪುವಾಗ ಅದಕ್ಕೆ ಹೂ ಬಿಟ್ಟಿರುತ್ತಿತ್ತು. ಭಾವನ ಕಿವಿಗೆ ಬೀಳುತ್ತಿದ್ದುದು ಇಷ್ಟು: "ಅಪ್ಪ, ಅಮ್ಮ ಕೇಳ್ತಾಳೆ, ಗಿರಣೀಲಿ ನಿಂತೂ ನಿಂತೂ ಕಾಲು ನೋವು ಬಂತಾ ಅಂತ."

ಭಾವ ಕರಗಿ ಹೋಗುತ್ತಿದ್ದ. "ಪರವಾಗಿಲ್ಲ ಅಂತ ಹೇಳಮ್ಮ. ಪಾಪ, ಅವಳು ಒಲೆ ಮುಂದೆ ಬೇಯ್ತಿರ್ತಾಳೆ. ಆದ್ರೂ ನೆನ್ನೆ ಚಕ್ಲಿಗೆ ಉಪ್ಪು ಜಾಸ್ತಿ ಸುರ್ದಿದಾಳೆ, ಕೈಗೆ ಏನ್ ಬಂದಿತ್ತು ಅಂತ ಕೇಳು." ವಾಪಸು ಹೋಗುವಾಗ ಉಪ್ಪು ದಾರಿಯಲ್ಲೇ ಕರಗುತ್ತಿತ್ತು. ಅಕ್ಕನಿಗೆ ತಲುಪುತ್ತಿದ್ದುದು, "ಅಪ್ಪ ಪಾಪ ಅಂತಿದ್ರು ಅಮ್ಮ. ಉಪ್ಪು ಒಂಚೂರು ಕಮ್ಮಿ ಹಾಕಿದ್ರೆ ನಿನ್ ಕೈ ಚಕ್ಲಿ ಮುಂದೆ ಯಾರ್ದೂ ಇಲ್ವಂತೆ."

ನಾನು ಅನುವಾದಗಳನ್ನು ಸಾಕಷ್ಟು ಓದಿದವನು. ಇಷ್ಟು ಚೆನ್ನಾದ, ಇಷ್ಟು ಸುಳ್ಳಾದ ಅನುವಾದವನ್ನು ಬೇರೆಲ್ಲೂ ಕಂಡಿಲ್ಲ. ಆದರೆ ಬಾಯಿ ಹಾಕುವಂತಿರಲಿಲ್ಲ, ಹಾಕುವ ಮನಸ್ಸೂ ಇರಲಿಲ್ಲ. ಮನೆ ತಣ್ಣಗಿತ್ತು. ನನ್ನ ಮಂಚದ ಕೆಳಗೆ ಈಗ ಬರೀ ಹಳೆಯ ಮಾಸಪತ್ರಿಕೆಗಳಿದ್ದವು. ಮಾತು ಹೊತ್ತು ಓಡಾಡಿ ಓಡಾಡಿ ನೀಲಿ ಮಾತ್ರ ಊಟವನ್ನು ಕೂತು ಮಾಡಿದ್ದನ್ನು ನಾನು ನೋಡಲಿಲ್ಲ. ತುತ್ತು ಬಾಯಲ್ಲಿರುವಾಗಲೇ ಯಾವುದಾದರೊಂದು ಕಡೆಯಿಂದ "ಏ ನೀಲಿ" ಎಂದು ಕರೆ ಬರುತ್ತಿತ್ತು.

ಆ ಕಾಲದಲ್ಲೇ ಊರಿನ ಗ್ರಾಹಕರ ಕಟ್ಟೆಯವರು ಒಂದು ತೀರ್ಪು ಕೊಟ್ಟರು. ಕಂತು ತೀರಿಸಿದ ಗಿರಾಕಿ ಬಂದು ಕೇಳಿದರೆ ಕಂಪನಿಯವರು ಚಕಾರವೆತ್ತದೆ ಬೀಗ ತೆಗೆಯಬೇಕು. ಬೀಗ ತೆಗೆಸಿದವನು ಬರಿಗಿವಿಯವರಂತೆ ಎಲ್ಲರದನ್ನೂ ಕೇಳಬಹುದು, ಎಲ್ಲರಿಗೂ ಕೇಳಿಸಬಹುದು. ಈ ಹಕ್ಕಿನ ವಿಷಯವನ್ನು ಎರಡೂ ಕಂಪನಿಗಳು ತಮ್ಮ ತಮ್ಮ ಗಿರಾಕಿಗಳಿಗೆ ಬೀದಿ ಬೀದಿಯಲ್ಲಿ ಸಾರಬೇಕು. ಸಾರಿದರು ಕೂಡ. ಆಟೋಗೆ ಮೈಕು ಕಟ್ಟಿ ದಿನಾ ಸುತ್ತಿದರು. ನಮ್ಮ ಅಂಗಡಿಯ ಮುಂದೆಯೇ ಗಿಳಿ ಕಂಪನಿಯ ಆಟೋ ನಿಂತು, ಒಳಗಿದ್ದ ದಪ್ಪ ಮೀಸೆಯವನು "ಗಿಳಿಯ ಗ್ರಾಹಕ ಬಂಧುಗಳೇ" ಎಂದು ಕೂಗಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಅಂಗಡಿಯಲ್ಲಿದ್ದ ಭಾವ ಆಟೋ ನೋಡಿ, ನಿಪ್ಪಟ್ಟಿನ ಡಬ್ಬದ ಮುಚ್ಚಳ ಹಾಕಿ ಸುಮ್ಮನಾದ. ಇವನಿಗೆ ಈ ನೆಮ್ಮದಿಯೇ ಹಿಡಿಸಿದೆ ಎಂದುಕೊಂಡೆ. ಅವತ್ತಿನಿಂದ ಅಕ್ಕ ಏನೋ ಬಿಗಿಯಾದಳು. ಭಾವ ಏನು ಕೇಳಿ ಕಳಿಸಿದರೂ, "ಈಗೇನು ಅವಸರವಂತೆ ಅವರಿಗೆ?" ಎನ್ನುವುದೊಂದು ಅವಳ ಬಾಯಿಗೆ ಬಂತು. ಆ ಮಾತು ಎಲ್ಲಿಂದ ಬಂತೆಂದು ನನಗೆ ತಿಳಿಯಲಿಲ್ಲ. ನೀಲಿ ಅದನ್ನೂ ಬದಲಾಯಿಸಿಕೊಂಡು ಒಯ್ಯುತ್ತಿದ್ದಳು.

ಹೀಗೆ ವರ್ಷಗಳು ಹೋದವು. ನೀಲಿ ಹತ್ತನೇ ತರಗತಿ ಪಾಸಾದಳು. ಕಾಲೇಜಿಗೆ ಸೇರಿಸಲು ಹೋದರೆ ಅಲ್ಲಿ ಹಾಜರಿ, ನೋಟೀಸು, ಪಾಠ ಎಲ್ಲ ಫೋನಿನಲ್ಲೇ. "ಬರಿಗಿವಿ ಮಕ್ಕಳನ್ನ ನಾವು ತಗೊಳಲ್ಲ ಸಾರ್, ಸೋಮವಾರದೊಳಗೆ ಒಂದು ಫೋನ್ ಕೊಡ್ಸಿ" ಎಂದರು ಪ್ರಿನ್ಸಿಪಾಲರು.

ಕೊಡಿಸುವುದಕ್ಕೇನು ಕಷ್ಟ? ಆದರೆ ಹೊಸ ಫೋನು ಬೀಗದ ಸಮೇತವೇ ಬರುತ್ತದೆ. ಕಂತು ತೀರುವವರೆಗೆ ಆ ಬೀಗವನ್ನು ಯಾರೂ ಮುಟ್ಟುವುದಿಲ್ಲ. ಮೀನು ಕೊಂಡರೆ ಅಪ್ಪನ ದನಿ ಹೋಯಿತು, ಗಿಳಿ ಕೊಂಡರೆ ಅಮ್ಮನ ದನಿ.

ಅವತ್ತು ಅಕ್ಕ ಬಾಣಲೆ ಮುಂದೆ ನಿಂತು, ಯಾವತ್ತೂ ಇಲ್ಲದ ಮೆತ್ತನೆಯ ದನಿಯಲ್ಲಿ ಹೇಳಿದಳು: "ನೀಲಿ, ಮೀನೇ ತಗೋಳೆ. ನಿನ್ ದನಿ ಕೇಳದೆ ನಂಗೆ ಕೈ ಓಡಲ್ಲ. ನಿಮ್ಮಪ್ಪಂಗೆ ಹೇಳ್ಬಿಡು." ನೀಲಿ ಹೊರಟಳು. ನನ್ನ ಮಂಚದವರೆಗೆ ಬಂದಳು. ಪಾಠ ಮಾಡಲಿಲ್ಲ. ಅಷ್ಟರಲ್ಲಿ ಅಂಗಡಿಯ ಕಡೆಯಿಂದ ಭಾವ, "ಏ ನೀಲಿ, ಅಮ್ಮಂಗೆ ಹೇಳಮ್ಮ, ನಾವು ಗಿಳೀನೇ ತಗೊಳೋಣ. ನೀನೂ ಕೇಳಿಸದೆ ಹೋದ್ರೆ ನಾನಿಲ್ಲಿ ಡಬ್ಬಗಳ ಜೊತೆ ಮಾತಾಡ್ಬೇಕಾಗತ್ತೆ" ಎಂದ. ಇದನ್ನು ಹೇಗೆ ತಿರುಗಿಸಿದರೂ ಹೂ ಬಿಡುವಂತಿರಲಿಲ್ಲ. ಹುಡುಗಿ ನನ್ನ ಮಂಚದ ಕಾಲು ಹಿಡಿದು ಅಲ್ಲೇ ನಿಂತಳು. ಎರಡೂ ಕಡೆಯಿಂದ "ನೀಲಿ, ನೀಲಿ" ಎಂದು ಕರೆಯುತ್ತಲೇ ಇದ್ದರು.

ಮರುದಿನ ಮಧ್ಯಾಹ್ನ ಅವಳು ವಾಚನಾಲಯಕ್ಕೆ ಬಂದು ನನ್ನ ಮೇಜಿನೆದುರು ಕೂತಳು. ಪೇಪರು ಓದುತ್ತಿದ್ದ ಇಬ್ಬರು ಮುದುಕರು ನಮ್ಮನ್ನು ಗುರಾಯಿಸಿದರು.

"ಮಾವ, ಬೀಗ ತೆಗೆಸ್ಬೋದಲ್ವಾ?" ಎಂದಳು ಪಿಸುದನಿಯಲ್ಲಿ.

"ತೆಗೆಸ್ಬೋದು. ನಿಮ್ಮಪ್ಪನ ಕಂತು ತೀರಿ ಎಷ್ಟು ಕಾಲ ಆಯ್ತು. ಅವತ್ತು ಆಟೋದಲ್ಲಿ ಕೂಗಿಕೊಂಡು ಹೋಗ್ಲಿಲ್ವಾ? ಬೇಡ ಅಂತ ಕೂತೋನು ಅವನೇ."

"ಅಪ್ಪ ಬೇಡ ಅನ್ಲಿಲ್ಲ ಮಾವ. ಅಪ್ಪಂಗೆ ಗೊತ್ತೇ ಇಲ್ಲ." ಅವಳು ಮೇಜಿನ ಮೇಲಿದ್ದ ರಬ್ಬರ್ ಮುದ್ರೆಯನ್ನು ತಿರುಗಿಸತೊಡಗಿದಳು. "ಅಮ್ಮ ಅವತ್ತೇ ಹೇಳಿ ಕಳಿಸಿದ್ಲು. ಹೋಗಿ ಬೀಗ ತೆಗೆಸ್ಕೊಂಡು ಬರ್ಲಿ, ಎದುರಿಗೇ ನಿಂತು ಮಾತಾಡಿ ಎಷ್ಟ್ ದಿನ ಆಯ್ತು ಅಂತ. ನಾನು ಹೇಳಲಿಲ್ಲ. ಅಪ್ಪನ ಹತ್ರ ಹೋಗಿ, ಅಮ್ಮ ಹೆಸರುಬೇಳೆ ಪಾಯಸ ಮಾಡ್ಲಾ ಅಂತ ಕೇಳ್ತಿದಾಳೆ ಅಂದೆ. ಈಗೇನು ಅವಸರ, ಹಬ್ಬಕ್ಕೆ ಮಾಡ್ಲಿ ಅಂದ್ರು ಅಪ್ಪ. ನಾನು ವಾಪಸ್ ಬಂದು ಅಮ್ಮಂಗೆ, 'ಈಗೇನು ಅವಸರ' ಅಂದ್ರು ಅಂದೆ."

ಅಕ್ಕನ ಬಾಯಿಯ ಆ ಮಾತು ಎಲ್ಲಿಂದ ಬಂದಿತ್ತೆಂದು ನನಗೆ ಈಗ ತಿಳಿಯಿತು. ಗಂಡನಿಗೆ ತನ್ನ ದನಿಯೇ ಬೇಡವಾಗಿದೆ ಎಂದುಕೊಂಡು ಅವಳು ಇಷ್ಟು ಕಾಲ ಚಕ್ಕುಲಿ ಒತ್ತಿದ್ದಳು.

"ಯಾಕೆ ಹಾಗೆ ಮಾಡಿದೆ?"

"ಕುಕ್ಕರ್ ಬರೋಕೆ ಮುಂಚೆ ನಾನು ಎಲ್ಲಿ ಮಲಗ್ತಿದ್ದೆ, ನೆನಪಿದ್ಯಾ ಮಾವ?"

ನೆನಪಿತ್ತು. ಪೇಪರಿನ ಮುದುಕರೂ ಈಗ ಗುರಾಯಿಸುವುದನ್ನು ಬಿಟ್ಟು ಕಿವಿಗೊಟ್ಟಿದ್ದರು.

"ನೀನೇ ಹೇಳ್ಬಿಡು ಮಾವ, ಇಬ್ರಿಗೂ."

"ನಾನು ಹೇಳಿದ್ರೆ ನಿಮ್ಮಪ್ಪ ನಂಬಬೇಕಾಗಿಲ್ಲ. ಕಟ್ಟಳೆ ಇದೆ. ಅಕ್ಕನ ಪರ ವಕಾಲತ್ತು ಅಂತಾನೆ. ನೀನೇ ಹೇಳ್ಬೇಕು."

"ಬೈತಾರೆ."

"ಬೈಲಿ. ಇಷ್ಟ್ ದಿನ ಎಲ್ಲಾ ಬೈಗುಳಾನೂ ದಾರೀಲೇ ನುಂಗ್ಕೊಂಡಿದೀಯ. ಇದೊಂದು ನಿನ್ನ ಪಾಲಿಂದು."

ಸಂಜೆ ಅವಳು ಅಂಗಡಿಗೆ ಹೋಗಿ ಅಪ್ಪನ ಕೈ ಹಿಡಿದು ಎಳೆದು ತಂದಳು. ಹಿಂದಕ್ಕೆ ಹೋಗಿ ಅಮ್ಮನನ್ನೂ ಎಳೆದು ತಂದಳು. ಇಬ್ಬರನ್ನೂ ನಡುಮನೆಯಲ್ಲಿ, ನನ್ನ ಮಂಚದ ಎರಡು ಬದಿಗೆ ನಿಲ್ಲಿಸಿದಳು. ಅಕ್ಕನ ಕೈಯಲ್ಲಿ ಜಾಲರಿ, ಭಾವನ ಕೈಯಲ್ಲಿ ಯಾರಿಗೋ ಕಟ್ಟುತ್ತಿದ್ದ ಪೊಟ್ಟಣ. ಕಿವಿಯ ಹತ್ತಿರ ಹೋಗದೆ, ಮೆಲ್ಲಗೆ ಅನ್ನದೆ, ನಡುವೆ ನಿಂತು ಗಟ್ಟಿಯಾಗಿ ಎಲ್ಲವನ್ನೂ ಹೇಳಿದಳು. ಆಟೋ, ಅಮ್ಮನ ಮಾತು, ಪಾಯಸ, ಈಗೇನು ಅವಸರ. ಬರಿಗಿವಿಯ ಹುಡುಗಿಯ ಮಾತಾದ್ದರಿಂದ ಇಬ್ಬರಿಗೂ ಒಟ್ಟಿಗೆ ಕೇಳಿಸಿತು. ಆ ಮನೆಯಲ್ಲಿ ಒಂದು ಮಾತನ್ನು ಅವರಿಬ್ಬರೂ ಒಂದೇ ಹೊತ್ತಿಗೆ ಕೇಳಿಸಿಕೊಂಡದ್ದು ಕುಕ್ಕರ್ ಬಂದ ಮೇಲೆ ಅದೇ ಮೊದಲು.

"ಆ ಆಟೋನಾ?" ಎಂದ ಭಾವ. "ನೋಡಿದ್ದೆ ಕಣೇ. ಮೀಸೆಯೋನು ಬಾಯಿ ಆಡಿಸ್ತಿದ್ದ, ಒಂದಕ್ಷರ ಕೇಳಿಸ್ಲಿಲ್ಲ. ಮೀನಿನೋರ ವಿಷಯ ಇರ್ಬೇಕು, ನಮಗ್ಯಾಕೆ ಅಂತ ಸುಮ್ನಾದೆ."

ನನಗೆ ಆಗ ಹೊಳೆಯಿತು. ಗಿಳಿ ಕಂಪನಿಯವರು ತಮ್ಮ ಗಿರಾಕಿಗಳ ಹಕ್ಕನ್ನು ಸಾರಲು ಹುಡುಕಿ ಹುಡುಕಿ ಒಬ್ಬ ಮೀನಿನವನನ್ನು ಕೂರಿಸಿದ್ದರು. ಊರಿನ ಗಿಳಿಗಳಿಗೆ ಕಂಡದ್ದು ಬರೀ ಆಡುವ ಮೀಸೆ. ಮೀನುಗಳು ಎಲ್ಲವನ್ನೂ ಕೇಳಿಸಿಕೊಂಡು, ಅದು ಗಿಳಿಯವರ ಪಾಡು ಎಂದು ಒಳಗೆ ಹೋಗಿದ್ದರು. ಮಕ್ಕಳೂ ನಾನೂ ಕೇಳಿದ್ದು ಊರಿಗೆಲ್ಲ ಕೇಳಿಸಿತೆಂದುಕೊಂಡಿದ್ದೆವು. ತೀರ್ಪು ಪಾಲಿಸಿದ ಹಾಗೂ ಆಯಿತು, ಯಾರೂ ಬಾಗಿಲಿಗೆ ಬರಲಿಲ್ಲ. ನಾನು ಅಕ್ಕನನ್ನು ಕೇಳಿದೆ: "ಮೀನಿನ ಕಂಪನಿ ಆಟೋ ಏನು ಹೇಳ್ತು ಅಂತ ನಿಂಗೆ ಕೇಳಿಸ್ತಾ?"

"ಸಂತೇಲಿ ನೋಡಿದ್ದೆ. ಅದ್ರಲ್ಲಿ ಒಬ್ಳು ಹೆಂಗಸು ಕೂತಿದ್ಲು. ಬಾಯಿ ತೆರೀತಿದ್ಲು, ಮುಚ್ತಿದ್ಲು. ಸೀರೆ ಚೆನ್ನಾಗಿತ್ತು" ಎಂದಳು ಅಕ್ಕ.

ಆಮೇಲೆ ಇಬ್ಬರಿಗೂ ಒಟ್ಟಿಗೇ ಸಿಟ್ಟು ಬಂತು. "ಏನೇ ನೀಲಿ, ತಾಯಿ ಹೇಳಿದ್ದನ್ನ ಪಾಯಸ ಮಾಡಿ ಬಡಿಸಿದ್ಯಾ?" ಎಂದು ಅಕ್ಕ, "ಹೆತ್ತೋರ ಹತ್ರ ನಾಟಕ ಆಡಿದ್ಯಾ?" ಎಂದು ಭಾವ. ಒಬ್ಬರು ಬೈಯುತ್ತಿರುವುದು ಇನ್ನೊಬ್ಬರಿಗೆ ಕೇಳಿಸದೆ ಇಬ್ಬರೂ ಒಂದೇ ಉಸಿರಿನಲ್ಲಿ ಬೈಯುತ್ತಿದ್ದರು. ಆಮೇಲೆ ಇಬ್ಬರೂ ಒಟ್ಟಿಗೇ, ಅಭ್ಯಾಸಬಲದಿಂದ, "ನಿಮ್ಮಪ್ಪಂಗೆ ಹೇಳು", "ನಿಮ್ಮಮ್ಮಂಗೆ ಹೇಳು" ಎಂದರು. ಅಷ್ಟರಲ್ಲಿ ಒಲೆಯ ಕಡೆಯಿಂದ ಸೀದ ವಾಸನೆ ಬಂತು. ಅಕ್ಕ ಜಾಲರಿ ಹಿಡಿದು ಓಡಿದಳು. ಅವಳ ಸೆರಗು ಕಣ್ಣಿಗೆ ಹೋದದ್ದು ಹೊಗೆಗೇ ಇರಬಹುದು.

ಭಾವ ಪೊಟ್ಟಣವನ್ನು ನನ್ನ ಮಂಚದ ಮೇಲಿಟ್ಟ. "ಪಂಚಾಕ್ಷರಿ, ನಾಳೆ ಬೆಳಿಗ್ಗೆ ನನ್ ಜೊತೆ ಬಾ" ಎಂದ ನನಗೆ.

ಗಿಳಿ ಕಂಪನಿಯ ಆಫೀಸು ಪೇಟೆಯ ಮೂಲೆಯಲ್ಲಿದೆ. ಹಸಿರು ಗೋಡೆ, ಹಸಿರು ಕುರ್ಚಿ, ಕೌಂಟರಿನಲ್ಲಿ ಹಸಿರು ಟೈ ಕಟ್ಟಿದ ಯುವಕ. ಭಾವ, ನಾನು, ನೀಲಿ ಮೂವರೂ ಹೋಗಿ ನಿಂತೆವು. "ಬೀಗ ತೆಗೀರಿ" ಎಂದ ಭಾವ.

ಯುವಕ ಸಾವಿನ ಸುದ್ದಿ ಕೇಳಿದವನಂತೆ ಮುಖ ಮಾಡಿದ. "ಯಾಕೆ ಸಾರ್, ನಮ್ಮಿಂದ ಏನಾದ್ರೂ ತಪ್ಪಾಯ್ತಾ? ಈಗ ಹೊಸ ಸ್ಕೀಮ್ ಇದೆ. ಇದಕ್ಕಿಂತ ದೊಡ್ಡ ಕುಕ್ಕರ್. ಜೊತೆಗೆ ಇಡ್ಲಿ ಸ್ಟ್ಯಾಂಡು."

"ಕುಕ್ಕರ್ ಬೇಡ."

"ಯೋಚ್ನೆ ಮಾಡಿ ಸಾರ್. ಒಂದ್ಸಲ ತೆಗೆದ್ರೆ ಎಲ್ಲಾನೂ ಕೇಳಿಸತ್ತೆ." ಅವನು ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ಗೊತ್ತಿರೋರ ಮನೇಲೇ ಒಬ್ರಿಗೆ ಹಾಗಾಯ್ತು. ಬೀಗ ತೆಗೆಸ್ಕೊಂಡು ಹೋದೋರು ಮಾರನೇ ದಿನಾನೇ ಬಂದು ವಾಪಸ್ ಹಾಕಿ ಅಂತ ಕೈ ಮುಗಿದ್ರು. ಹಾಕೋಕೆ ನಮಗೆ ಬರಲ್ಲ. ಮನೇಲಿ ಮೇಡಂ... ಸ್ವಲ್ಪ ಜೋರಾ?"

ಭಾವ ನಕ್ಕ. "ಮೊದ್ಲು ಇದ್ಲಪ್ಪ. ಈಗ ತುಂಬಾ ಸಾಧು. ಕಾಲು ನೋವಾ, ಊಟ ಆಯ್ತಾ ಅಂತ ದಿನಾ ವಿಚಾರಿಸ್ಕೋತಾಳೆ. ಚಿನ್ನದಂಥ ಮಾತು."

ನನಗೆ ಕೆಮ್ಮು ಬಂತು. ನೀಲಿಯ ಮುಖ ಬಿಳಿಚಿಕೊಂಡಿತು. ಅವಳು ಒಪ್ಪಿಕೊಂಡದ್ದು ಒಂದು ಸುಳ್ಳನ್ನು ಮಾತ್ರ. ಉಳಿದವು ಇನ್ನೂ ಅಪ್ಪನ ಎದೆಯಲ್ಲಿ ಬೆಚ್ಚಗೆ ಕೂತಿದ್ದವು. ಅವಳು ಅಪ್ಪನ ತೋಳು ಮುಟ್ಟಿ ಏನೋ ಹೇಳಲು ಹೋದಳು. ಭಾವ ಅವಳ ಕೈಯ ಮೇಲೆ ತನ್ನ ಕೈಯಿಟ್ಟು, "ಸುಮ್ನಿರಮ್ಮ" ಎಂದ.

ಯುವಕ ಇನ್ನೂ ಆಸೆ ಬಿಟ್ಟಿರಲಿಲ್ಲ. "ಬೀಗ ತೆಗೆಯೋರು ಇವತ್ತು ರಜ, ಸಾರ್" ಎಂದ. ನಾನು ಎಂದೂ ಜಗಳವಾಡದವನು, ಮೆತ್ತಗೆ, "ಹಾಗಾದ್ರೆ ನಾವು ಗ್ರಾಹಕರ ಕಟ್ಟೆಗೆ ಹೋಗಿ ಬರ್ತೀವಿ. ಆಟೋದಲ್ಲಿದ್ದ ಆ ಮೀಸೆಯೋರು ಯಾವ ಕಂಪನಿ ಅಂತ ಅಲ್ಲೇ ವಿಚಾರಿಸ್ತೀವಿ" ಎಂದೆ. ಯುವಕ ನನ್ನನ್ನು ನೋಡಿದ. ಬೀಗ ತೆಗೆಯುವವನು ತಾನೇ ಎಂದು ಅವನಿಗೆ ನೆನಪಾಯಿತು. ಫೋನು ಇಸಿದುಕೊಂಡು, ಏನೋ ಒತ್ತಿ, ಕಾದು, ಇನ್ನೇನೋ ಒತ್ತಿ, ವಾಪಸು ಕೊಟ್ಟ. ಅಷ್ಟೇ. ಇಷ್ಟಕ್ಕಾಗಿ ಇಷ್ಟು ವರ್ಷವೇ ಎಂದು ನನಗೆ ಬೇಸರವಾಯಿತು.

ಹೊರಗೆ ಬಂದ ಭಾವ ಮೆಟ್ಟಿಲ ಮೇಲೇ ನಿಂತುಬಿಟ್ಟ. ಬೀದಿಯಲ್ಲಿ ಹೂ ಮಾರುವವಳು, ಸೈಕಲ್ ಪಂಕ್ಚರಿನವನು, ಅವಸರಕ್ಕೆ ಬೈದುಕೊಳ್ಳುತ್ತಿದ್ದ ಆಟೋದವರು. "ಈಯಮ್ಮ ಇಷ್ಟು ಜೋರಾಗಿ ಕೂಗ್ತಿದ್ಲಾ ಇಷ್ಟು ದಿನ?" ಎಂದ. ದಾರಿಯುದ್ದಕ್ಕೂ ಜಾತ್ರೆಗೆ ಬಂದವನಂತೆ ಆ ಕಡೆ ಈ ಕಡೆ ತಿರುಗುತ್ತಾ ನಡೆದ. ನೀಲಿ ಮಾತ್ರ ನೆಲ ನೋಡುತ್ತಾ ಬಂದಳು. ಅಪ್ಪನ ಬೀಗ ತೆಗೆದಾಯಿತು. ಇನ್ನು ಅಮ್ಮನಂತೆ ಮೀನು ಕೊಂಡರೂ ಅವಳಿಗೆ ಇಬ್ಬರ ದನಿಯೂ ಉಳಿಯುತ್ತದೆ. ಆ ಸಮಾಧಾನ ಅವಳ ಮುಖದಲ್ಲಿರಲಿಲ್ಲ. ಮನೆಗೆ ಹೋದ ಮೇಲೆ ಅಪ್ಪನ ಚಿನ್ನದಂಥ ಹೆಂಡತಿ ಇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಭಾವ ಅಂಗಡಿಯ ಬಾಗಿಲು ತೆಗೆಯಲೂ ಇಲ್ಲ, ಪಕ್ಕದ ಬಾಗಿಲಿನಿಂದ ಸೀದಾ ನಡುಮನೆ ದಾಟಿ ಅಡುಗೆಮನೆಯ ಹೊಸ್ತಿಲಿಗೆ ಹೋಗಿ ನಿಂತ. ಅಕ್ಕ ಹಿಟ್ಟು ಕಲಸುತ್ತಿದ್ದಳು. ತಲೆ ಎತ್ತಿ ನೋಡಿದಳು. ಜನ್ಮದಲ್ಲೇ ಮಾತಿಗೆ ತಡವರಿಸದ ನನ್ನ ಅಕ್ಕ, ಕೈಗೆ ಮೆತ್ತಿದ ಹಿಟ್ಟನ್ನು ನೋಡಿಕೊಂಡಳು, ಒಲೆಯನ್ನು ನೋಡಿದಳು, ಭಾವನ ಮುಖ ನೋಡಿದಳು, ಕೊನೆಗೆ ಕಾಲಿಗೆ ಕಣ್ಣು ಇಳಿಸಿದಳು.

"ಚಪ್ಲಿ ಮೆಟ್ಕೊಂಡೇ ಅಡುಗೆಮನೆ ಬಾಗಿಲಿಗೆ ಬಂದ್ರಾ? ಕಿವಿ ಬಂತು, ಬುದ್ಧಿ ಯಾವಾಗ ಬರತ್ತೆ?"

ನೀಲಿ ನನ್ನ ಮಂಚದ ಅಂಚಿಗೆ ಕೂತುಬಿಟ್ಟಳು. ಭಾವ ಮಳೆಯಲ್ಲಿ ನೆನೆದವನಂತೆ ಮುಖ ಒರೆಸಿಕೊಂಡ.

"ಅನ್ಕೊಂಡಿದ್ದೆ" ಎಂದ.

"ಏನ್ ಅನ್ಕೊಂಡಿದ್ರಿ?" ಎಂದಳು ಅಕ್ಕ. ಅವನ ಮಾತು ಕೇಳಿಸಿತೆಂದು ಅವಳಿಗೆ ಅರಿವಾದದ್ದು ಉತ್ತರ ಕೊಟ್ಟಾದ ಮೇಲೆ. ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು.

"ಕಾಲು ನೋವಾ ಅಂತ ಕೇಳೋಳು ನೀನಲ್ಲ ಅಂತ. ನಿನ್ನ ಕಟ್ಕೊಂಡು ಇಷ್ಟು ವರ್ಷ ಆಯ್ತು, ನಂಗೆ ಅಷ್ಟೂ ತಿಳಿಯಲ್ವಾ? ಮಗು ಪಾಪ ಕಷ್ಟಪಟ್ಟು ಮಾಡ್ಕೊಂಡು ಬರ್ತಿತ್ತು, ಕೇಳಿಸ್ಕೋತಿದ್ದೆ."

"ನಾನ್ಯಾವಾಗ ಕಾಲು ನೋವಾ ಅಂದೆ?"

"ಅದೇ ಹೇಳ್ತಿರೋದು."

"ಮತ್ತೆ ನನ್ ಕೈ ಚಕ್ಲಿ ಮುಂದೆ ಯಾರ್ದೂ ಇಲ್ಲ ಅಂದಿದ್ದು?"

"ಉಪ್ಪು ಜಾಸ್ತಿ ಅಂದಿದ್ದೆ."

"ಉಪ್ಪು ಜಾಸ್ತಿನಾ? ನನ್ ಚಕ್ಲಿಗಾ? ಒಂದು ಡಬ್ಬಕ್ಕೆ ಸರಿಯಾಗಿ ಮುಚ್ಚಳ ಹಾಕೋಕೆ ಬರದೋರು ನೀವು, ತೇವ ಹಿಡಿಸಿ ಉಪ್ಪು ಅಂತೀರಾ? ಹೋಗ್ಲಿ, ಆ ಕುಕ್ಕರ್! ಯಾವ ಮಹಾರಾಜರು ತಂದ್ಕೊಟ್ರು ಅಂತ ಆ ಕುಕ್ಕರ್ ತಂದ್ರಿ? ಅವತ್ತು ನಾನು ಅಂದಿದ್ದು ಒಂದೂ ಕೇಳಿಸ್ಲಿಲ್ಲ ನಿಮಗೆ, ಈಗ ಕೇಳಿಸ್ಕೊಳಿ, ಮೊದಲಿಂದ ಹೇಳ್ತೀನಿ..."

ಹೇಳಿದಳು. ಆ ಗೌರಿ ಹಬ್ಬದಿಂದ ಕೂಡಿಟ್ಟಿದ್ದೆಲ್ಲ ಬಂತು. ಭಾವ ಚಪ್ಪಲಿ ಕಳಚಿ, ಹೊಸ್ತಿಲ ಮೇಲೆ ಕೂತು, ಒಂದೊಂದಕ್ಕೂ ಉತ್ತರ ಹುಡುಕಿ ಹುಡುಕಿ ಕೊಡುತ್ತಿದ್ದ. ಅವನ ಮುಖದಲ್ಲಿ ಹಬ್ಬದೂಟಕ್ಕೆ ಕೂತವನ ಕಳೆಯಿತ್ತು. ಬೀದಿಯಲ್ಲಿ ಇಬ್ಬರು ಗಿರಾಕಿಗಳು ಮುಚ್ಚಿದ ಅಂಗಡಿಯ ಮುಂದೆ ನಿಂತು, ಹಳೆಯ ಕಾಲ ಬಂತೆಂದು ಕಿವಿಗೊಡತೊಡಗಿದರು. ಅವರಲ್ಲೊಬ್ಬ ಗಿಳಿ. ಅವನಿಗೆ ಭಾವನ ಉತ್ತರಗಳು ಮಾತ್ರ ಕೇಳಿಸುತ್ತಿದ್ದವು. ಅವನ ಪ್ರಕಾರ ಭಾವ ಗೆಲ್ಲುತ್ತಿದ್ದ.

"ಏ ನೀಲಿ, ನಿಮ್ಮಪ್ಪಂಗೆ ಹೇಳು, ಈಗೇನು ಅವಸರ ಅಂದೋರು..." ಎಂದು ಅಕ್ಕ ನಡುವೆ ಕೂಗಿದಳು. ನೀಲಿ ಥಟ್ಟನೆ ಎದ್ದು ನಿಂತಳು.

"ನೀನ್ಯಾಕೆ ಎದ್ದೆ? ಕೂತ್ಕೊಳೆ. ನಾನೇ ಹೇಳ್ತೀನಿ."

ನೀಲಿ ಕೂತಳು. ಹಿಂದಿನ ಸಂಜೆ ಸೀದ ಚಕ್ಕುಲಿಯಲ್ಲಿ ಚೆನ್ನಾಗಿದ್ದ ತುಂಡುಗಳನ್ನು ಅಕ್ಕ ಒಂದು ತಟ್ಟೆಯಲ್ಲಿ ತೆಗೆದಿಟ್ಟಿದ್ದಳು. ಅದನ್ನು ಮಡಿಲಿಗೆ ಹಾಕಿಕೊಂಡು ನನ್ನ ಮಂಚದ ಮೇಲೆ ಗೋಡೆಗೊರಗಿ ತಿನ್ನತೊಡಗಿದಳು. ಅಡುಗೆಮನೆಯಲ್ಲಿ ಮಾತು ಏರಿತು, ಪಾತ್ರೆಯೊಂದು ಬಿತ್ತು, ಪಾಯಸದ ಪ್ರಸ್ತಾಪ ಬಂತು. ಹೆಸರುಬೇಳೆ ಎಲ್ಲಿದೆ ಎಂದು ಭಾವ, ಕಣ್ಣೆದುರಿಗೇ ಇದೆ ಎಂದು ಅಕ್ಕ. ಅದು ಕಣ್ಣೆದುರಿಗಿತ್ತೇ ಇಲ್ಲವೇ ಎನ್ನುವುದರ ಮೇಲೆ ಇನ್ನೊಂದು ಜಗಳ ಶುರುವಾಯಿತು.

ನಾನು ಪುಸ್ತಕ ತೆಗೆದುಕೊಳ್ಳಲು ಈ ಕಡೆ ತಿರುಗಿದೆ. ನೀಲಿಯ ಕೈಯಲ್ಲಿ ಅರ್ಧ ತಿಂದ ಚಕ್ಕುಲಿ ಹಾಗೇ ಇತ್ತು. ಮನೆಯ ಮಾಡು ಹಾರಿಹೋಗುವ ಹಾಗೆ ಅವಳ ಅಪ್ಪ ಅಮ್ಮ ಕೂಗಾಡುತ್ತಿದ್ದರು. ಅವಳು ಬಾಯಿ ತೆರೆದುಕೊಂಡು, ನನ್ನ ಮಂಚದ ಮೇಲೆ, ಗಾಢವಾಗಿ ನಿದ್ದೆ ಹೋಗಿದ್ದಳು.